ನೀರು ತಗುಲಿದ್ದು

ಬೆಟ್ಟದ ಮೇಲಿನ ಕರಸುಯು ಬಿಸಿನೀರಿನ ಬುಗ್ಗೆಗೆ ಈಗ ಚಳಿಗಾಲದಲ್ಲೂ ಬಸ್ಸು ಬರುತ್ತದೆ. ಆಗ ಬರುತ್ತಿರಲಿಲ್ಲ. ಮೊದಲ ದೊಡ್ಡ ಹಿಮ ಬಿದ್ದ ಮೇಲೆ ಕೆಳಗಿನ ಹಿರಾಸೆ ಊರಿಂದ ಮೇಲಕ್ಕೆ ಬರಬೇಕಾದರೆ ನಡೆಯಬೇಕು, ಇಲ್ಲವೆ ಜಾರುಬಂಡಿಯಲ್ಲಿ ಎಳೆಸಿಕೊಂಡು ಬರಬೇಕು. ಹಾಗೆ ಕಷ್ಟಪಟ್ಟು ಬಂದವರು ಒಂದೆರಡು ದಿನಕ್ಕೆ ಬರುತ್ತಿರಲಿಲ್ಲ. ಅಕ್ಕಿ, ಸೋಯಾ ಕಾಳಿನ ಮಿಸೊ ಹಿಟ್ಟು, ಮೂಲಂಗಿ ಉಪ್ಪಿನಕಾಯಿ, ಹಾಸಿಗೆ ಎಲ್ಲ ಕಟ್ಟಿಕೊಂಡು ಬಂದು, ಮೂರು ವಾರ ಕೂತು, ಹೊತ್ತುಹೊತ್ತಿಗೆ ಬಿಸಿನೀರಿಗಿಳಿದು, ಮೈಯ ನೋವನ್ನು ಅಲ್ಲೇ ಬಿಟ್ಟು ಹೋಗುವವರು. ನಾನು ಇದ್ದಿಲು ಸುಡುವವನು. ಗೂಡಿನ ಬಿಸಿ, ಹೊರಗಿನ ಚಳಿ ಎರಡೂ ಸೇರಿ ನನ್ನ ಮೊಣಕೈ ಹಿಡಿದುಕೊಳ್ಳುತ್ತಿತ್ತು. ಹೊಸ ವರ್ಷದ ಹಬ್ಬ ಮುಗಿಸಿಕೊಂಡು ಪ್ರತಿ ಸಲ ಮೇಲಕ್ಕೆ ಹೋಗುತ್ತಿದ್ದೆ. ಯುದ್ಧ ಮುಗಿದು ಹತ್ತು ವರ್ಷ ದಾಟಿರಬೇಕು, ಆ ಸಲದ ಮಾತು ಇದು.

ಅಲ್ಲಿನ ಛತ್ರದಲ್ಲಿ ನನ್ನ ಪಕ್ಕದ ಕೋಣೆಗೆ ಗೆಂಕಿಚಿ, ಶಿನೊ ಎಂಬ ಗಂಡ ಹೆಂಡತಿ ಬಂದಿಳಿದರು. ಅವನು ಮರ ಕೊಯ್ಯುವ ಕಾರ್ಖಾನೆಯವನು. ದಿಮ್ಮಿ ಉರುಳಿ ಸೊಂಟಕ್ಕೆ ಪೆಟ್ಟಾಗಿತ್ತು. ದೊಡ್ಡ ಆಳು, ದೊಡ್ಡ ದನಿ. ಅವಳು ಅವನ ಭುಜಕ್ಕೂ ಬರುತ್ತಿರಲಿಲ್ಲ, ಮಾತೂ ಕಡಿಮೆ. ನಡುವೆ ಇದ್ದದ್ದು ಕಾಗದದ ಬಾಗಿಲು, ಹಾಗಾಗಿ ಅವರು ಉಸಿರಾಡಿದ್ದೂ ನನಗೆ ಕೇಳುತ್ತಿತ್ತು.

ಸ್ನಾನದ ಮನೆ ಒಂದೇ. ಗಂಡಸರು ಹೆಂಗಸರು ಎಲ್ಲ ಅದರಲ್ಲೇ. ಹಳೇ ದೇವದಾರು ಹಲಗೆಯ ತೊಟ್ಟಿ, ಅಕ್ಕಿ ತೊಳೆದ ನೀರಿನಂಥ ಬಿಳಿ ನೀರು, ಗಂಧಕದ ವಾಸನೆ. ಅಲ್ಲಿನ ಯಜಮಾನಿಕೆ ಮತ್ಸು ಅಜ್ಜಿಯದು. ಯಾರೂ ಕೊಟ್ಟದ್ದಲ್ಲ, ಅವಳೇ ತೆಗೆದುಕೊಂಡದ್ದು. ಎಷ್ಟು ಚಳಿಗಾಲ ಆ ನೀರಲ್ಲಿ ಕೂತಿದ್ದಳೋ, ಹೊಸಬರು ಯಾರೇ ಬರಲಿ, ಮೊದಲು ಅವಳ ತನಿಖೆ ಆಗಬೇಕು.

ಕೆಲವು ದಿನ ನೀರಿಗಿಳಿದ ಮೇಲೆ ಮೈ ತಿರುಗಿ ಬೀಳುತ್ತದೆ. ಹಸಿವು ಹೋಗುತ್ತದೆ, ಮೈಕೈ ನೋಯುತ್ತದೆ, ಜ್ವರ ಬರುತ್ತದೆ, ಕೆಲವರಿಗೆ ಮೈಯೆಲ್ಲ ಕೆಂಪು ದದ್ದು. ನಾವು ಅದಕ್ಕೆ ನೀರು ತಗುಲುವುದು ಅನ್ನುತ್ತೇವೆ. ಅದು ಒಳ್ಳೆಯದು. ಒಳಗೆ ಹೂತು ಕೂತ ರೋಗವನ್ನು ನೀರು ಹಿಡಿದು ಹೊರಗೆಳೆಯುತ್ತಿದೆ ಎಂದು ಅರ್ಥ. ತಗುಲಿದವನಿಗೆ ಎಲ್ಲರೂ ಶುಭ ಹೇಳುತ್ತಾರೆ. ತಗುಲದವನಿಗೆ ಮುಖ ತೋರಿಸಲು ನಾಚಿಕೆ. ನೀರಿಗೆ ಅವನು ಬೇಡವಾದ ಅಂದುಕೊಳ್ಳುತ್ತಾರೆ.

ಗೆಂಕಿಚಿಗೆ ತಗುಲಲಿಲ್ಲ. ಒಂದು ವಾರ ದಾಟಿತು, ಅವನು ಮೂರು ಬಟ್ಟಲು ಅನ್ನ ಉಣ್ಣುತ್ತಿದ್ದ.

"ಏನಯ್ಯಾ, ಇನ್ನೂ ಇಲ್ವಾ?" ಎಂದ ತೊಕುಜಿ. ಅವನು ಹಿರಾಸೆಯ ಕ್ಷೌರಿಕ, ಬಾಯಿಗೂ ಕತ್ತರಿಗೂ ಒಂದೇ ಹರಿತ. "ನಿಂದು ಚರ್ಮ ಅಲ್ಲ ಕಣೋ, ಮರದ ತೊಗಟೆ. ನೀರು ಒಳಗೆ ಹೋಗ್ಬೇಕಾದ್ರೆ ನಿಮ್ಮ ಕಾರ್ಖಾನೆ ಗರಗಸಾನೇ ತರ್ಬೇಕು."

"ನಿಂದು ಏನಾಯ್ತು, ಮೂರೇ ದಿನಕ್ಕೆ ಮಲಗಿಬಿಟ್ಟೆ," ಎಂದ ಗೆಂಕಿಚಿ.

"ನಾನು ಸೂಕ್ಷ್ಮ ಮನುಷ್ಯ."

"ನಿನಗೆ ತಗುಲಿದ್ದು ನೀರಲ್ಲ, ಮದ್ಯ," ಅಂದಳು ಮತ್ಸು ಅಜ್ಜಿ. ತೊಟ್ಟಿ ಪೂರ್ತಿ ನಕ್ಕಿತು. ಗೆಂಕಿಚಿಯೂ ನಕ್ಕ. ಆದರೆ ಕೋಣೆಗೆ ಹೋದ ಮೇಲೆ ಹೆಂಡತಿಗೆ ಹೇಳಿದ್ದು ನನಗೆ ಕೇಳಿಸಿತು. "ಇಷ್ಟು ದೂರ ಬಂದು ಸುಮ್ನೆ ಹಿಂದಕ್ಕೆ ಹೋಗೋ ಹಾಗಾಯ್ತಲ್ಲೇ. ಸೊಂಟ ಸರಿ ಹೋಗ್ದಿದ್ರೆ ನನ್ನ ಕೆಲ್ಸಕ್ಕೆ ಯಾರು ತಗೋತಾರೆ?"

"ಬರುತ್ತೆ ಬಿಡಿ. ನಿಧಾನಕ್ಕೆ ಬರುತ್ತೆ," ಎಂದಳು ಶಿನೊ.

ಬಂತು. ಒಂದು ಬೆಳಗ್ಗೆ ಅವನು ಅನ್ನ ಮುಟ್ಟಲಿಲ್ಲ. ಹೊಟ್ಟೆ ತೊಳಸುತ್ತಿದೆ ಅಂದ. ಮಧ್ಯಾಹ್ನಕ್ಕೆ ಮೈ ಕಾವೇರಿತು. ಶಿನೊ ನನ್ನ ಬಾಗಿಲು ಸರಿಸಿ, ಮುಖವೆಲ್ಲ ಅರಳಿಸಿಕೊಂಡು, "ಯಸಾಕು ಅಣ್ಣಾ, ನಮ್ಮವರಿಗೆ ತಗುಲ್ತು!" ಎಂದಳು. ಒಂದು ತಟ್ಟೆ ಉಪ್ಪಿನಕಾಯಿ ತಂದಿಟ್ಟಳು. ಕೋಣೆಕೋಣೆಗೂ ಕೊಟ್ಟುಬಂದಳು. ಮತ್ಸು ಅಜ್ಜಿ ಬಂದು ಅವನ ಹಣೆ ಮುಟ್ಟಿ ನೋಡಿ, ಮೊಮ್ಮಗ ಹುಟ್ಟಿದ ಹಾಗೆ ತಲೆಯಾಡಿಸಿದಳು.

"ಚೆನ್ನಾಗಿ ಹಿಡಿದಿದೆ. ತಡವಾಗಿ ಹಿಡಿಯೋದು ಗಟ್ಟಿಯಾಗಿ ಹಿಡಿಯುತ್ತೆ. ಎಲ್ಲಿ ನೋವು?"

"ಇಲ್ಲಿ," ಎಂದು ಅವನು ಹೊಟ್ಟೆಯ ಬಲಗಡೆ ಕೆಳಗೆ ಕೈಯಿಟ್ಟ.

"ಸೊಂಟದಿಂದ ಮುಂದಕ್ಕೆ ಬಂದಿದೆ ನೋಡು. ಹೊರಡೋ ದಾರಿ ಹುಡುಕ್ತಾ ಇದೆ. ನೀರು ಬಿಡಬೇಡ. ಇಳಿ."

ಅವನನ್ನು ಇಬ್ಬರು ಹಿಡಿದುಕೊಂಡು ಇಳಿಸಿದೆವು. ನಾನೂ ಹಿಡಿದಿದ್ದೆ. ಬಿಸಿನೀರು ಹೊಟ್ಟೆ ಮುಟ್ಟಿದಾಗ ಅವನ ಹಲ್ಲು ಕಟಕಟ ಕಡಿಯಿತು. ಆದರೂ ನಗುತ್ತಿದ್ದ. "ತೊಗಟೆ ಬಿರೀತು ಕಣೋ ತೊಕುಜಿ," ಎಂದ.

ಮರುದಿನ ಅವನು ಕಾಲು ಚಾಚಿ ಮಲಗಲಾರದೆ ಮೊಣಕಾಲು ಹೊಟ್ಟೆಗೆ ಮಡಿಸಿಕೊಂಡು ಮಲಗಿದ್ದ. ನರಳುವ ಸದ್ದು ಕಾಗದದ ಬಾಗಿಲಿನಲ್ಲಿ ನಡುಗುತ್ತಿತ್ತು. ಶಿನೊ ಅಡುಗೆಮನೆಗೆ ಬಂದು ಗಂಜಿ ಬೇಯಿಸಿದಳು. ಅವನು ಕುಡಿಯಲಿಲ್ಲ. ಅವಳು ಅದನ್ನೇ ಹಿಡಿದುಕೊಂಡು ಒಲೆಯ ಮುಂದೆ ನಿಂತಿದ್ದಳು.

"ಅಜ್ಜೀ, ಎಲ್ಲರಿಗೂ ಹೀಗೇ ಆಗುತ್ತಾ?"

"ನಂಗೆ ಮೊದಲ ಸಲ ತಗುಲಿದಾಗ ನಾನು ಗೋಡೆ ಕೆರೆದಿದ್ದೀನಿ ಕಣಮ್ಮಾ. ಗುರುತು ಇನ್ನೂ ಇರ್ಬೇಕು, ಹೋಗಿ ನೋಡು."

"ಡಾಕ್ಟರಿಗೆ ಒಂದು ಮಾತು..."

"ಡಾಕ್ಟರು?" ಅಜ್ಜಿಗೆ ಸಿಟ್ಟು ಬರಲಿಲ್ಲ. ದನಿ ತಗ್ಗಿಸಿ, ಮಗಳಿಗೆ ಹೇಳುವ ಹಾಗೆ ಹೇಳಿದಳು. "ಕೇಳು. ತಗುಲಿದ ಹೊತ್ತಲ್ಲಿ ಬೆಟ್ಟ ಇಳಿದ್ರೆ ಹೊರಗೆ ಬರ್ತಾ ಇರೋದು ತಿರುಗಿ ಒಳಕ್ಕೆ ನುಗ್ಗುತ್ತೆ. ಆಮೇಲೆ ಯಾವ ನೀರೂ ಅದನ್ನ ಹಿಡಿಯೋಲ್ಲ. ನಿನ್ನ ಗಂಡನ್ನ ನೀನೇ ಹಾಳು ಮಾಡ್ಕೋಬೇಡ."

ಅಲ್ಲಿದ್ದ ನಾವೆಲ್ಲ ಹೌದೆಂದು ತಲೆಯಾಡಿಸಿದೆವು. ನಮಗೆ ಗೊತ್ತಿದ್ದದ್ದೇ ಅದು. ನನ್ನ ತಂದೆಗೂ ತಗುಲಿತ್ತು, ಆ ನೀರಿನಿಂದಲೇ ಅವನು ಎದ್ದು ನಡೆದಿದ್ದ.

ಅದರ ಮಾರನೆಯ ಬೆಳಗ್ಗೆ, ಹೊರಗೆ ಹಿಮ ಸುರಿಯುತ್ತಿತ್ತು. ಪಕ್ಕದ ಕೋಣೆಯಲ್ಲಿ ನರಳಾಟ ನಿಂತುಹೋಗಿತ್ತು. ಆಮೇಲೆ ಗೆಂಕಿಚಿಯ ದೊಡ್ಡ ದನಿ ಕೇಳಿಸಿತು.

"ಶಿನೊ! ಏ ಶಿನೊ! ಹೋಯ್ತು ಕಣೇ! ನೋವು ಪೂರ್ತಿ ಹೋಯ್ತು!"

ನಾವೆಲ್ಲ ಓಡಿದೆವು. ಅವನು ಎದ್ದು ಕೂತಿದ್ದ. ಬೆವರು ಹರಿಯುತ್ತಿತ್ತು, ಮುಖ ನಗುತ್ತಿತ್ತು. ಈಗ ನೀರಿಗಿಳಿಯಬೇಕು ಅಂದ. ಮತ್ಸು ಅಜ್ಜಿ ಕೈಮುಗಿದಳು. ತೊಕುಜಿ, "ಇವತ್ತು ನಿನ್ನ ಗಡ್ಡ ಬೋಳಿಸ್ತೀನಿ, ಪುಕ್ಕಟೆ," ಎಂದ. ಅಜ್ಜಿ ಆಗಲೇ ಅಡುಗೆಮನೆಗೆ ಹೋಗಿ ಕೆಂಪು ಕಾಳು ನೆನೆಹಾಕಿದಳು. ಒಳ್ಳೆಯದಾದರೆ ಆ ಕಾಳು ಹಾಕಿ ಕೆಂಪನ್ನ ಮಾಡಬೇಕಲ್ಲ.

ಶಿನೊ ಮಾತ್ರ ಗೋಡೆಗೆ ಆತು ನಿಂತಿದ್ದಳು. ಗಂಡನ ಮುಖ ನೋಡುತ್ತಿರಲಿಲ್ಲ, ತುಟಿ ನೋಡುತ್ತಿದ್ದಳು. ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಹತ್ತಿರ ಹೋಗಿ ಅವನ ಕೈ ಹಿಡಿದಳು, ಬಿಟ್ಟಳು, ಪಾದ ಹಿಡಿದಳು. ಎದ್ದು ಹೊರಗೆ ಬಂದಳು. ಪಡಸಾಲೆಯಲ್ಲಿ ನನ್ನ ತೋಳು ಹಿಡಿದುಕೊಂಡಳು.

"ಅಣ್ಣಾ, ಜಾರುಬಂಡಿ ಬೇಕು."

"ಯಾಕಮ್ಮಾ? ವಾಸಿ ಆಯ್ತಲ್ಲ."

"ವಾಸಿಯಲ್ಲ ಇದು. ನನ್ನ ತಂಗಿಗೂ ಹೀಗೇ ಆಗಿತ್ತು. ಇದೇ ಬಲಗಡೆ. ಎರಡು ದಿನ ಚೀರಿದ್ಲು, ಆಮೇಲೆ ಒಂದು ಬೆಳಗ್ಗೆ ಎದ್ದು ಕೂತು, ನೋವಿಲ್ಲ ಅಂತ ನಕ್ಕಳು. ಹುಳಿ ಕಿತ್ತಳೆ ಬೇಕು ಅಂದ್ಲು. ಅಮ್ಮ ತರೋಕೆ ಹೋದ್ಲು." ಅವಳು ಅಷ್ಟಕ್ಕೆ ನಿಲ್ಲಿಸಿದಳು. "ನೋವು ಹೋಗೋದಾದ್ರೆ ಮೆಟ್ಟಿಲು ಇಳಿದ ಹಾಗೆ ಹೋಗ್ಬೇಕು ಅಣ್ಣಾ. ಇದು ದೀಪ ಆರಿದ ಹಾಗೆ ಹೋಗಿದೆ."

ಅಜ್ಜಿಯನ್ನು ಕೇಳೋಣ ಅಂದೆ. ಅವಳು ನನ್ನ ತೋಳು ಬಿಟ್ಟಳು.

ಛತ್ರದ ಯಜಮಾನರ ಹತ್ತಿರ ಹೋದಳು. ಟೆಲಿಫೋನು ತಂತಿ ಹಿಮಕ್ಕೆ ಬಿದ್ದಿತ್ತು. ಬಂಡಿ ಬೇಕಾದರೆ ಕೊಡುತ್ತೇನೆ, ಆಳು ಕೊಡಲಾರೆ, ಈ ಹಿಮದಲ್ಲಿ ಯಾರನ್ನು ಕಳಿಸಲಿ ಅಂದರು. ಕೋಣೆಕೋಣೆಗೆ ಹೋದಳು. ಕೋಣೆಗಳಲ್ಲಿ ಯಾರೂ ಇರಲಿಲ್ಲ. ಬೆಳಗಿನ ನೀರಿನ ಹೊತ್ತು, ಎಲ್ಲರೂ ತೊಟ್ಟಿಯಲ್ಲಿ. ನಾನೂ ಅಲ್ಲಿಗೇ ಹೋಗಿ ನೀರಿಗಿಳಿದಿದ್ದೆ, ಅಜ್ಜಿಗೆ ಹೇಳಲೆಂದು. ಹೇಳಿದೆ. ಅಜ್ಜಿ, "ಹೆಂಗಸು ನಿದ್ದೆ ಮಾಡಿಲ್ಲ. ಮೊದಲು ಅವಳನ್ನ ಮಲಗಿಸ್ಬೇಕು," ಎಂದಳು.

ಆಗ ಬಾಗಿಲು ಸರಿಯಿತು.

ಶಿನೊ ಒಳಗೆ ಬಂದಳು. ಹುಲ್ಲಿನ ಹಿಮಜೋಡು ಮೆಟ್ಟಿಕೊಂಡೇ ಬಂದಳು. ಸ್ನಾನದ ಮನೆಯ ಹಲಗೆಯ ಮೇಲೆ ಯಾರೂ ಚಪ್ಪಲಿ ಮೆಟ್ಟಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಜೋಡಿನಿಂದ ಹಿಮ ಕರಗಿ, ಕೆಸರುನೀರು ಹರಿದು, ತೊಟ್ಟಿಯ ಅಂಚು ದಾಟಿ ಬಿಳಿನೀರಿಗೆ ಇಳಿಯಿತು. ಒಬ್ಬಳು ಮುದುಕಿ ಕಿಟ್ಟನೆ ಕಿರುಚಿದಳು.

"ಎದ್ದು ಬಟ್ಟೆ ಹಾಕ್ಕೊಂಡು ಬನ್ನಿ," ಎಂದಳು ಶಿನೊ. "ಬಂಡಿ ಎಳೀಬೇಕು."

"ಏನಮ್ಮಾ ಇದು! ಜೋಡು!" ಎಂದಳು ಮತ್ಸು ಅಜ್ಜಿ.

"ಜೋಡು ಕಾಣ್ತಾ ಇದೆ ನಿಮಗೆ. ಅವರು ಕಾಣ್ತಿಲ್ಲ. ನೀರು ತಗುಲ್ತು, ನೀರು ತಗುಲ್ತು ಅಂತ ಕೆಂಪನ್ನ ಬೇಯಿಸ್ತಾ ಇದ್ದೀರಿ. ಅವರು ಸಾಯ್ತಿದ್ದಾರೆ. ಈ ಹಾಳು ನೀರು ಅವರನ್ನ ಬೇಯಿಸಿಹಾಕ್ತು!"

ನೀರನ್ನು ಬೈದಳು. ಆ ಮಾತು ಕೇಳಿ ಉಗಿಯೂ ನಿಂತಂತೆ ಆಯಿತು. ಯಾರೂ ಅಲುಗಲಿಲ್ಲ. ಅವಳು ಒಬ್ಬೊಬ್ಬರ ಮುಖ ನೋಡಿದಳು. ನನ್ನ ಮುಖವನ್ನೂ ನೋಡಿದಳು. ಆಮೇಲೆ ಮೊಣಕಾಲೂರಿ ಆ ಕೆಸರಿನ ಹಲಗೆಗೆ ಹಣೆ ಹಚ್ಚಿದಳು. "ನನ್ನ ಮಾತು ತಪ್ಪಾಗಿದ್ರೆ ಬೇಸಿಗೆವರೆಗೂ ಈ ತೊಟ್ಟಿ ನಾನೊಬ್ಳೇ ತಿಕ್ಕಿ ತೊಳೀತೀನಿ. ಕೆಳಗೆ ಮಾತ್ರ ಕರ್ಕೊಂಡು ಹೋಗಿ. ನನ್ನೊಬ್ಬಳ ಕೈಲಿ ಆಗಲ್ಲ. ಎಳೆದು ನೋಡ್ದೆ, ಅಲುಗಲಿಲ್ಲ."

ಆಗ ನಾನು ಎದ್ದೆ. ಅವಳ ಮಾತು ಸರಿ ಅಂತಲ್ಲ. ಆ ಬಂಡಿಯನ್ನು ಅವಳು ಒಬ್ಬಳೇ ಎಳೆದು ನೋಡಿದ್ದಳು ಅನ್ನುವುದು ಕೇಳಿ ಕೂರಲಾಗಲಿಲ್ಲ. ತೊಕುಜಿ ನನ್ನನ್ನು ನೋಡಿ, "ನೀನು ಮೊಣಕೈ ಹಿಡ್ಕೊಂಡವನು, ಒಬ್ಬನೇ ಹೋದ್ರೆ ಹಳ್ಳಕ್ಕೆ ಬೀಳಿಸ್ತೀಯ," ಎನ್ನುತ್ತ ಎದ್ದ.

ಗೆಂಕಿಚಿ ಬಂಡಿ ಹತ್ತಲು ಒಪ್ಪಲಿಲ್ಲ. "ನಿನಗೆ ತಲೆ ಕೆಟ್ಟಿದೆ. ಈಗ ತಾನೇ ವಾಸಿಯಾದೆ. ಇಷ್ಟು ದಿನದ ನೀರನ್ನೆಲ್ಲ ಚೆಲ್ತಾ ಇದ್ದೀಯಲ್ಲೇ!" ಎಂದು ಕೂಗಿದ. ಕೂಗಲು ಶಕ್ತಿ ಸಾಲದೆ ಅರ್ಧಕ್ಕೆ ನಿಂತ. ಶಿನೊ ಅವನನ್ನು ಹಾಸಿಗೆ ಸಮೇತ ಸುತ್ತಿ, ಹಗ್ಗ ಬಿಗಿದಳು. ಮತ್ಸು ಅಜ್ಜಿ ಹೊರಗೆ ಬಂದಳು. ಒದ್ದೆ ಕೂದಲು ಗಾಳಿಗೆ ಗಡ್ಡೆ ಕಟ್ಟುತ್ತಿತ್ತು. ಒಲೆಯಲ್ಲಿ ಕಾಯಿಸಿದ ಕಲ್ಲನ್ನು ಬಟ್ಟೆಯಲ್ಲಿ ಸುತ್ತಿ ತಂದು, ಅವನ ಹೊಟ್ಟೆಯ ಮೇಲಿಟ್ಟಳು. ಶಿನೊ ಅದನ್ನು ತೆಗೆದು ಅವನ ಪಾದದ ಹತ್ತಿರ ಇಟ್ಟಳು.

ಇಳಿಜಾರಿನಲ್ಲಿ ಬಂಡಿ ಎಳೆಯುವುದಕ್ಕಿಂತ ತಡೆಯುವುದೇ ಕಷ್ಟ. ನಾನೂ ತೊಕುಜಿಯೂ ಹಿಂದಿನ ಹಗ್ಗ ಹಿಡಿದು ಹಿಮ್ಮಡಿ ಊರುತ್ತಿದ್ದೆವು. ಶಿನೊ ಮುಂದಿನ ಹಗ್ಗ ಕೈಗೆ ಸುತ್ತಿಕೊಂಡು, ಎದೆಯ ಮಟ್ಟದ ಹಿಮವನ್ನು ತುಳಿದು ದಾರಿ ಮಾಡುತ್ತಿದ್ದಳು. ಗಾಳಿ ಎದ್ದಾಗ ಅವಳು ಕಾಣುತ್ತಲೇ ಇರಲಿಲ್ಲ, ಬರೀ ಬಿಳಿ. ಹಿಮ ಕುಸಿಯುವ ಜಾಗದಲ್ಲಿ ಮಾತಾಡಬಾರದು ಎಂದು ಬಾಯಿ ಮುಚ್ಚಿಕೊಂಡು ದಾಟಿದೆವು. ಅಲ್ಲಿ ಗೆಂಕಿಚಿ ಹಾಡಲು ಶುರುಮಾಡಿದ. ಮರ ಸಾಗಿಸುವವರ ಹಾಡು. ಅರ್ಥವಿಲ್ಲದೆ, ಸಾಲು ತಪ್ಪಿಸಿ ಹಾಡುತ್ತಿದ್ದ. ತೊಕುಜಿ ಅವನ ಬಾಯಿಗೆ ಕೈ ಅಡ್ಡ ಹಿಡಿದ. "ಕಚ್ತಾನೆ ಕಣೋ," ಎಂದು ಪಿಸುಗುಟ್ಟಿದ. ತೊಕುಜಿಯ ಕಣ್ಣಲ್ಲಿ ನೀರಿತ್ತು.

ಸೇತುವೆ ದಾಟಿದ ಮೇಲೆ ಗೆಂಕಿಚಿಗೆ ಬಿಕ್ಕಳಿಕೆ ಹಿಡಿಯಿತು. ಹೊಟ್ಟೆ ಹಲಗೆಯ ಹಾಗೆ ಗಟ್ಟಿಯಾಗಿತ್ತು. ಆಗ ಅವನಿಗೇ ಹೆದರಿಕೆಯಾಯಿತು ಅನ್ನಿಸುತ್ತದೆ.

"ಶಿನೊ."

"ಏನ್ರೀ?"

"ಇದು ನೀರು ತಗುಲಿರೋದೇ ತಾನೆ?"

ಅವಳು ತಿರುಗಿ ಬಂದು ಬಂಡಿಯ ಪಕ್ಕದಲ್ಲಿ ಬಗ್ಗಿದಳು. ರೆಪ್ಪೆಯ ಮೇಲೆ ಹಿಮ ಕಟ್ಟಿತ್ತು. ಬೆಳಗ್ಗೆ ಆ ಮಾತನ್ನೇ ಹಿಡಿದು ಅಷ್ಟು ಜನರ ಮುಂದೆ ಉಗಿದವಳು ಅವಳು.

"ಹೂಂರೀ. ಅದೇ. ಚೆನ್ನಾಗಿ ತಗುಲಿದೆ," ಎಂದಳು.

"ಮತ್ಯಾಕೆ ಇಳಿಸ್ತಿದ್ದೀಯ?"

"ನನಗೆ ಬುದ್ಧಿಯಿಲ್ಲ, ಅದಕ್ಕೆ. ಬೈರಿ. ಬೈತಾ ಇರಿ, ಮಲಗಬೇಡಿ."

ಅವನು ಬೈದ. ಅವಳ ತವರನ್ನು ಬೈದ, ಅವಳ ಕೈಯಡುಗೆಯನ್ನು ಬೈದ, ಹುಟ್ಟಿದ ದಿನವನ್ನು ಬೈದ. ಅವಳು ಮುಂದೆ ಹಿಮ ತುಳಿಯುತ್ತ, "ಇನ್ನೂ? ಅಷ್ಟೇನಾ?" ಎಂದು ಕೇಳುತ್ತಿದ್ದಳು. ಬೈಗುಳ ನಿಧಾನವಾಯಿತು. ನಡುನಡುವೆ ಬಿಟ್ಟುಹೋಯಿತು. ಹಿರಾಸೆಯ ಮೊದಲ ಸೂರು ಕಂಡಾಗ ಪೂರ್ತಿ ನಿಂತಿತು. ಅವಳು ತಿರುಗಿ ನೋಡಲಿಲ್ಲ. ಓಡಿದಳು. ಆ ಹಿಮದಲ್ಲಿ ಮನುಷ್ಯರು ಓಡುವುದನ್ನು ನಾನು ಆಮೇಲೆ ಎಂದೂ ಕಾಣಲಿಲ್ಲ.

ಡಾಕ್ಟರು ಸೈನ್ಯದಲ್ಲಿದ್ದು ಬಂದ ಮುದುಕ. ಹೊಟ್ಟೆಯ ಮೇಲೆ ಬೆರಳಿಟ್ಟು ತೆಗೆದರು. ಮುಖ ಕೆಂಪಾಯಿತು.

"ಇವನನ್ನ ಬಿಸಿನೀರಲ್ಲಿ ಕೂರಿಸಿದವರು ಯಾರು?"

ನಾನೂ ತೊಕುಜಿಯೂ ನೆಲ ನೋಡಿದೆವು.

"ನಾನು," ಎಂದಳು ಶಿನೊ.

"ಒಳಗೆ ಕರುಳಿನ ತುದಿ ಕೊಳೆತು ಒಡೆದಿದೆಯಮ್ಮಾ. ಕೊಯ್ಯಬೇಕು. ಕೊಯ್ದರೂ ಹೇಳೋಕಾಗಲ್ಲ. ಇಷ್ಟು ಹೊತ್ತು ಏನು ಮಾಡ್ತಿದ್ರಿ?"

ಬಾಗಿಲು ಮುಚ್ಚಿತು. ಡಾಕ್ಟರ ಹೆಂಡತಿ ನಮ್ಮನ್ನು ಅಡುಗೆಮನೆಯಲ್ಲಿ ಕೂರಿಸಿ ಚಹಾ ಕೊಟ್ಟರು. ಶಿನೊಗೆ ಬಟ್ಟಲು ಹಿಡಿಯಲಾಗಲಿಲ್ಲ. ಹಗ್ಗ ಅಂಗೈ ಕೊಯ್ದಿತ್ತು, ಬೆರಳು ಬೆಳ್ಳಗೆ ಮರದಂತಾಗಿದ್ದವು. ಡಾಕ್ಟರ ಹೆಂಡತಿ ಬೋಗುಣಿಯಲ್ಲಿ ಬೆಚ್ಚಗಿನ ನೀರು ತಂದು ಅವಳ ಮುಂದಿಟ್ಟರು. ಶಿನೊ ಅದರಿಂದೇಳುವ ಹಬೆಯನ್ನು ನೋಡಿದಳು. ಕೈ ಹಿಂದಕ್ಕೆ ಎಳೆದುಕೊಂಡಳು. ಎಷ್ಟು ಹೇಳಿದರೂ ಅದ್ದಲಿಲ್ಲ. ಕೊನೆಗೆ ಆಕೆ ತಮ್ಮ ಕಂಕುಳಲ್ಲಿ ಆ ಕೈಗಳನ್ನಿಟ್ಟುಕೊಂಡು ಬೆಳಗಿನವರೆಗೆ ಕೂತರು. ಎಡಗೈಯ ಕಿರುಬೆರಳು ಮಾತ್ರ ಉಳಿಯಲಿಲ್ಲ.

ಗೆಂಕಿಚಿ ಉಳಿದ. ಹೇಗೆ ಉಳಿದನೆಂದು ಡಾಕ್ಟರಿಗೂ ಗೊತ್ತಾಗಲಿಲ್ಲ. ಪೆನ್ಸಿಲಿನ್ ಮುಗಿಯುತ್ತ ಬಂದಿತ್ತು, ಜ್ವರ ಇಳಿಯಲಿಲ್ಲ, ಕೊನೆ ಬಂತೆಂದು ಎರಡು ಸಲ ನೆರೆಹೊರೆಯವರನ್ನು ಕರೆಸಿ ಹಾಸಿಗೆಯ ಸುತ್ತ ಕೂರಿಸಿದ್ದರು. ಹಿಮ ಕರಗುವ ಹೊತ್ತಿಗೆ ಕೋಲೂರಿ ಎದ್ದು ನಿಂತ. ಅಷ್ಟು ದಿನ ಅಲುಗದೆ ಮಲಗಿದ್ದಕ್ಕೋ ಏನೋ, ಸೊಂಟದ ನೋವೂ ಹೋಗಿತ್ತು.

ಅದೇ ಕೆಟ್ಟದ್ದಾಯಿತು.

ಮುಂದಿನ ಚಳಿಗಾಲ ಅವನು ಮತ್ತೆ ಕರಸುಯುವಿಗೆ ಬಂದ. ತೊಟ್ಟಿಯಲ್ಲಿ ಕೂತು, ಹೊಟ್ಟೆಯ ಮೇಲಿನ ಗೀರು ತೋರಿಸಿ, ಹೊಸಬರಿಗೆ ಕತೆ ಹೇಳಿದ. "ಎಂಥಾ ತಗುಲೋದು ತಗುಲ್ತು ಅಂತೀರಿ! ಸೊಂಟದ ರೋಗಾನ ಪೂರ್ತಿ ಹೊಟ್ಟೆಗೆ ಎಳ್ಕೊಂಡು ಬಂತು. ಡಾಕ್ಟರು ಬರೀ ಬಾಗಿಲು ತೆಗೆದ್ರು ಅಷ್ಟೇ, ಹೊರಗೆ ತಳ್ಳಿದ್ದು ನೀರು." ಹೊಸಬರು ಬೆರಗಾಗಿ ತಲೆಯ ಮೇಲೆ ನೀರು ಹುಯ್ದುಕೊಂಡರು. ಮತ್ಸು ಅಜ್ಜಿ ಮಾತ್ರ ನೀರಿಂದ ಎದ್ದು, ಬಟ್ಟೆ ಹಾಕಿಕೊಂಡು, ಹೊರಗೆ ಹೋದಳು.

ಹೊರಗೆ ಪಡಸಾಲೆಯಲ್ಲಿ ಶಿನೊ ಕೂತಿದ್ದಳು. ಒಳಗೆ ಬರುತ್ತಿರಲಿಲ್ಲ. ಆ ವರ್ಷ ಬರಲಿಲ್ಲ, ಆಮೇಲೆ ಯಾವ ವರ್ಷವೂ ನೀರಿಗಿಳಿಯಲಿಲ್ಲ. ಆ ಚಳಿಯಲ್ಲಿ ಬಾಗಿಲ ಪಕ್ಕದ ಹಲಗೆಯ ಮೇಲೆ ಕೋಟು ಹೊದ್ದು ಕೂತು, ಸ್ವಲ್ಪ ಹೊತ್ತಿಗೊಮ್ಮೆ ಮರದ ಬಾಗಿಲಿಗೆ ಬಾಯಿ ತಂದು ಕೂಗುತ್ತಿದ್ದಳು.

"ರೀ!"

"ಓಯ್!" ಎಂದು ಅವನು ಒಳಗಿಂದ ಕೂಗುತ್ತಿದ್ದ. ಎಲ್ಲರಿಗೂ ನಗು. "ಹೊಸ ಮದುವೆ ಕಣಪ್ಪಾ," ಅನ್ನುತ್ತಿದ್ದ ತೊಕುಜಿ. ಆದರೆ ಅವನ ಕಣ್ಣು ನನ್ನ ಕಡೆ ಬರುತ್ತಿರಲಿಲ್ಲ.

ಒಂದು ಸಲ ನಾನು ಕೇಳಿದೆ. "ನಿಜ ಹೇಳಿಬಿಡಬಾರದಾ ಅವನಿಗೆ? ಇಲ್ಲಿಗೆ ಬರೋದಾದ್ರೂ ತಪ್ಪುತ್ತೆ."

"ಹೇಳಿಲ್ಲ ಅಂದ್ಕೊಂಡ್ರಾ ಅಣ್ಣಾ? ದಿನಾ ಹೇಳ್ತೀನಿ. 'ನೀನೇ ಹೇಳಿದ್ಯಲ್ಲೇ ಬಂಡೀಲಿ, ನೀರೇ ತಗುಲಿದ್ದು ಅಂತ,' ಅಂತಾರೆ." ಅವಳು ಬೆರಳಿಲ್ಲದ ಕೈಯನ್ನು ತೋಳಿನೊಳಗೆ ಎಳೆದುಕೊಂಡಳು. "ಸಾಯೋರಿಗೆ ಅಂತ ಹೇಳ್ದೆ ಕಣಣ್ಣಾ. ಬದುಕಿಬಿಟ್ರು. ಈಗ ಏನು ಮಾಡ್ಲಿ?"

ಒಳಗೆ ಯಾರೋ ಹಾಡುತ್ತಿದ್ದರು. ನೀರು ಬಡಿಯುವ ಸದ್ದು ಜೋರಾಗಿತ್ತು. ಅವಳು ಮಾತು ನಿಲ್ಲಿಸಿ ಬಾಗಿಲಿಗೆ ಕಿವಿಕೊಟ್ಟಳು. "ರೀ!" ಎಂದಳು. ಉತ್ತರ ಬರಲಿಲ್ಲ. ಹಾಡಿನ ಗದ್ದಲಕ್ಕೆ ಕೇಳಿಸಿರಲಿಕ್ಕಿಲ್ಲ. ನಾನು ಹಾಗೆ ಹೇಳುವಷ್ಟರಲ್ಲಿ ಅವಳು ಎದ್ದು ನಿಂತಿದ್ದಳು, ಎರಡೂ ಕೈ ಬಾಗಿಲ ಚೌಕಟ್ಟಿನ ಮೇಲೆ, ಮುಖದಲ್ಲಿ ಒಂದು ತೊಟ್ಟು ರಕ್ತವಿರಲಿಲ್ಲ.

"ರೀ! ರೀ!"

"ಓಯ್, ಇದ್ದೀನಿ ಕಣೇ! ಎಷ್ಟು ಸಲ ಕೂಗ್ತೀಯ!"

ಅವಳು ಕೂತಳು. ಉಸಿರು ಸರಿಹೋಗಲು ಬಹಳ ಹೊತ್ತು ಹಿಡಿಯಿತು. ಆಮೇಲೆ ಮತ್ತೆ ಕೂಗಿದಳು.